ಅದು ಮಂಡಿ ನೋವಲ್ಲ, ಮಾನ್ಯರೇ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ನಿಮ್ಮ ನೋಟಿಸ್ ತಲುಪಿತು. ಆಸ್ಪತ್ರೆಯ ಧ್ವನಿವರ್ಧಕವನ್ನು ಅನುಮತಿಯಿಲ್ಲದೆ ಕೈಗೆ ತೆಗೆದುಕೊಂಡು ನಾನು ಅಶ್ಲೀಲ ಪದವೊಂದನ್ನು ಉಚ್ಚರಿಸಿದ್ದೇನೆ, ಆದ್ದರಿಂದ ಅದೇ ಧ್ವನಿವರ್ಧಕದಲ್ಲಿ ಸಾರ್ವಜನಿಕರ ಕ್ಷಮೆ ಕೇಳಬೇಕು, ಕೇಳುವ ತನಕ ನಾನು ಆಸ್ಪತ್ರೆಯ ಆವರಣದೊಳಗೆ ಬರುವ ಹಾಗಿಲ್ಲ, ನಮ್ಮ ಮನೆಯ ಯಾರಿಗೂ ಹೊರರೋಗಿ ಚೀಟಿ ಕೊಡಲಾಗುವುದಿಲ್ಲ ಎಂದು ಅದರಲ್ಲಿದೆ. ಯಾವ ಪದ ಎಂದು ಮಾತ್ರ ಬರೆದಿಲ್ಲ. ಆ ಜಾಗದಲ್ಲಿ ಚುಕ್ಕಿಗಳನ್ನು ಇಟ್ಟಿದ್ದೀರಿ. ಓದುವವರು ಏನೇನು ಊಹಿಸಿಕೊಂಡಾರೋ ಎಂದು ಹೆದರಿ, ಚುಕ್ಕಿಗಳ ಜಾಗವನ್ನು ನಾನೇ ತುಂಬಿ ಈ ಪತ್ರ ಶುರುಮಾಡುತ್ತೇನೆ. ಆ ಪದ ಮುಂದೊಗಲು. ಗಂಡಸಿನ ಶಿಶ್ನದ ತುದಿಯನ್ನು ಮುಚ್ಚಿಕೊಂಡಿರುವ ಚರ್ಮ. ನನ್ನ ಗಂಡನಿಗೆ ಅದು ಊದಿಕೊಂಡು ಬಿಗಿಯಾಗಿತ್ತು. ಈಗ ನನ್ನ ಮೈದುನನಿಗೆ ಆಗಿದೆ. ಗಂಡ ಇಲ್ಲ. ಮೈದುನ ಇದ್ದಾನೆ. ಅವನ ಚೀಟಿಯನ್ನೇ ನೀವು ನಿಲ್ಲಿಸಿರುವುದು.

ನಾನು ಹೆಚ್ಚು ಓದಿದವಳಲ್ಲ. ಅಂಗಡಿಯೊಂದಕ್ಕೆ ಪರದೆ, ದಿಂಬಿನ ಕವರು ಹೊಲಿಯುತ್ತೇನೆ. ಊಟವಾದ ಮೇಲೆ ಡೈರಿಯಲ್ಲಿ ನಾಲ್ಕು ಸಾಲು ಬರೆಯುವ ಅಭ್ಯಾಸ ಬಿಟ್ಟರೆ ಬರವಣಿಗೆ ಗೊತ್ತಿಲ್ಲ. ಅಧಿಕಾರಿಗಳಿಗೆ ಹೇಗೆ ಬರೆಯಬೇಕೆಂಬುದಂತೂ ಗೊತ್ತೇ ಇಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಚುಕ್ಕಿ ಮಾತ್ರ ಇಡಬೇಡಿ.

ಮೊದಲು ನಿಮ್ಮ ಧ್ವನಿವರ್ಧಕದ ವಿಷಯ. ರೋಗಿಗಳು ತಪ್ಪು ಕೋಣೆಗೆ ಹೋಗಿ ಗೊಂದಲವಾಗುತ್ತದೆ ಎಂದು ನೀವು ಒಂದು ಆದೇಶ ಹೊರಡಿಸಿದಿರಿ. ಕಿಟಕಿಯಲ್ಲಿ ಚೀಟಿ ಮಾಡಿಸುವವರು ತಮ್ಮ ಕಾಯಿಲೆಯನ್ನು ಬಾಯಿಬಿಟ್ಟು ಹೇಳಬೇಕು, ಗುಮಾಸ್ತರು ಅದನ್ನು ಮೈಕಿನಲ್ಲಿ ಕೋಣೆಯ ಸಂಖ್ಯೆಯೊಂದಿಗೆ ಕೂಗಬೇಕು. ಆಲೋಚನೆ ಒಳ್ಳೆಯದೇ. ಗೊಂದಲ ನಿಜಕ್ಕೂ ಕಡಿಮೆಯಾಯಿತು, ಯಾರಿಗೆ ಏನು ಕಾಯಿಲೆ ಎಂಬ ಬಗ್ಗೆ ಊರಿನಲ್ಲಿ ಯಾರಿಗೂ ಗೊಂದಲ ಉಳಿಯಲಿಲ್ಲ. ಹಾರ್ನ್ ಒಂದು ಹಜಾರದ ಒಳಗಿದೆ, ಇನ್ನೊಂದು ಗೇಟಿನ ಮೇಲಿದೆ. ಎದುರಿನ ಚಹಾದಂಗಡಿಯಲ್ಲಿ ಕೂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಹೆಡ್‌ಮಾಸ್ತರರ ಮೂಲವ್ಯಾಧಿ ಹಾಗೆಯೇ ಊರಿಗೆ ಗೊತ್ತಾದದ್ದು. ಮರುದಿನ ಅವರ ಕುರ್ಚಿಯ ಮೇಲೆ ಮಕ್ಕಳು ಮೆತ್ತೆ ಹಾಕಿಟ್ಟಿದ್ದರು. ಪ್ರೀತಿಯಿಂದಲೇ ಹಾಕಿದ್ದರು. ಆದರೂ ಅವರು ವರ್ಗ ಮಾಡಿಸಿಕೊಂಡು ಹೋದರು.

ಆಮೇಲೆ ನಮ್ಮ ಊರಿನವರಿಗೆಲ್ಲ ಮಂಡಿ ನೋವು ಬಂತು.

ನೀವು ಇದನ್ನು ಗಮನಿಸಿದಿರಿ, ಆದರೆ ನಿಮ್ಮದೇ ರೀತಿಯಲ್ಲಿ. ಮಂಡಿ ರೋಗಿಗಳು ಹೆಚ್ಚಾದರೆಂದು ಚರ್ಮರೋಗದ ಕೋಣೆಯನ್ನು ತೆಗೆದು ಮಂಡಿ ವಿಭಾಗಕ್ಕೆ ಸೇರಿಸಿದಿರಿ. ಅಲ್ಲಿಗೆ ಯಾರೂ ಬರುತ್ತಿರಲಿಲ್ಲವಂತೆ. ಹೇಗೆ ಬರುತ್ತಾರೆ? ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದಿರಿ. ಮಂಡಿ ಚಿಕಿತ್ಸೆಗೆ ನಿಮಗೆ ಪ್ರಶಸ್ತಿ ಬಂತು. ಅದರ ನೆನಪಿಗೆ ಆಸ್ಪತ್ರೆಯ ಮುಂದೆ ಸಿಮೆಂಟಿನಲ್ಲಿ ಆಳೆತ್ತರದ ಮಂಡಿಯೊಂದನ್ನು ಮಾಡಿಸಿ ನಿಲ್ಲಿಸಿದಿರಿ. ದೂರದಿಂದ ನೋಡಿದರೆ ಅದು ಮಂಡಿಯಂತೆ ಕಾಣುವುದಿಲ್ಲ, ಬೇರೆ ಏನೋ ಕಾಣುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಅದು ನನ್ನ ಮಾತಲ್ಲ. ಆದರೆ ಆ ಸಿಮೆಂಟಿಗೆ ಯಾರೂ ನೋಟಿಸ್ ಕೊಟ್ಟಂತಿಲ್ಲ.

ಇನ್ನು ನನ್ನ ಗಂಡನ ವಿಷಯ. ಅವರನ್ನು ನೀವು ನೋಡಿರದಿದ್ದರೂ ಕೇಳಿರುತ್ತೀರಿ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಕೂಗುತ್ತಿದ್ದವರು ಅವರೇ. ಪ್ರತಿ ಸಲವೂ ‘ಗಮನಿಸಿ, ಗಮನಿಸಿ’ ಎಂದು ಶುರುಮಾಡುತ್ತಿದ್ದರಿಂದ ಊರಲ್ಲಿ ಅವರಿಗೆ ‘ಗಮನಿಸಿ’ ಎಂದೇ ಹೆಸರು ಬಿದ್ದಿತ್ತು. ಮನೆಯಲ್ಲೂ ಅದೇ ದನಿ. ನಾನು ಹೊಲಿಗೆ ಯಂತ್ರದ ಮುಂದೆ ಮೈಮರೆತು ಕೂತಿದ್ದರೆ ಅಡುಗೆಮನೆಯಿಂದ ಕೇಳಿಸುತ್ತಿತ್ತು: “ಗಮನಿಸಿ, ಗಮನಿಸಿ. ಒಲೆ ಮೇಲಿನ ಹಾಲು ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ.” ಎದ್ದು ಹೋಗಿ ಒಲೆ ಆರಿಸುವುದು ಅವರ ಕೆಲಸವಲ್ಲ, ಪ್ರಕಟಣೆ ಮಾತ್ರ. ಈಗ ನಮ್ಮ ಮನೆಯ ಹಾಲು ಯಾರಿಗೂ ಹೇಳದೆ ಉಕ್ಕುತ್ತದೆ.

ಒಂದು ದಿನ ಅವರು ಕುಂಟತೊಡಗಿದರು. ಬೆಳಿಗ್ಗೆ ಎಡಗಾಲು ಎಳೆಯುತ್ತಿದ್ದರು, ಸಂಜೆಗೆ ಬಲಗಾಲು.

“ಯಾವ ಮಂಡೀರೀ ನೋವು?” ಎಂದೆ.

“ಎರಡೂ ಕಣೇ. ಸರದಿ ಮೇಲೆ.”

“ಒಳ್ಳೇ ಬಸ್ ಥರ ಆಯ್ತಲ್ಲ, ಹೋಗೋದೊಂದು ಬರೋದೊಂದು,” ಎಂದೆ. ಅವರೂ ನಕ್ಕರು. ನಿಮ್ಮ ಆಸ್ಪತ್ರೆಗೆ ಹೋದರು. ಕಿಟಕಿಯಲ್ಲಿ ಮಂಡಿ ನೋವು ಎಂದರು. ಗುಮಾಸ್ತರು ಮಂಡಿ ನೋವು ಎಂದು ಕೂಗಿದರು. ಮಂಡಿ ಕೋಣೆಯಲ್ಲಿ ಮಂಡಿ ನೋಡಿದರು. ಮಂಡಿಯ ಎಕ್ಸ್‌ರೇ ತೆಗೆದರು, ಮಂಡಿಗೆ ಬೆಲ್ಟು ಕೊಟ್ಟರು, ಮಂಡಿ ಮಡಚುವ ವ್ಯಾಯಾಮ ಕಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ಕೇಳಿದ್ದೆ. ಇಲ್ಲಿ ಎಮ್ಮೆಯೇ ಸಾಲಿನಲ್ಲಿ ನಿಂತು ಬರೆ ಹಾಕಿಸಿಕೊಂಡು ಬರುತ್ತಿತ್ತು.

ನಮ್ಮ ಮನೆಯವರು ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡಿದವರಲ್ಲ. ಆ ವ್ಯಾಯಾಮವನ್ನು ಎಷ್ಟು ಶ್ರದ್ಧೆಯಿಂದ ಮಾಡಿದರೆಂದರೆ ನಿಮ್ಮ ವ್ಯಾಯಾಮದ ಮೇಷ್ಟ್ರು ಬೇರೆ ರೋಗಿಗಳಿಗೆ ಅವರ ಕಾಲನ್ನು ತೋರಿಸಿ ಪಾಠ ಮಾಡುತ್ತಿದ್ದರಂತೆ. ಹೊಸ ಹೊಸ ಬೆಲ್ಟುಗಳು ಮನೆಗೆ ಬಂದವು. ಒಂದನ್ನು ನಾನು ಸೋರುವ ನಲ್ಲಿಗೆ ಬಿಗಿದೆ. ಆ ನಲ್ಲಿ ಇವತ್ತಿಗೂ ಸೋರಿಲ್ಲ. ನಿಮ್ಮ ಮಂಡಿ ವಿಭಾಗದಿಂದ ನಮ್ಮ ಮನೆಗೆ ಆದ ಉಪಕಾರವನ್ನು ಮರೆಯಬಾರದು.

ಅಷ್ಟರಲ್ಲಿ ಬಚ್ಚಲುಮನೆಯ ಬಾಗಿಲು ಬಹಳ ಹೊತ್ತು ಮುಚ್ಚಿರತೊಡಗಿತು. ಸೋಪು ಬೇಗ ಕರಗುತ್ತಿತ್ತು. ನೆಲ ಒರೆಸಲು ತಂದಿದ್ದ ವಾಸನೆಯ ಔಷಧಿ ತಂತಾನೇ ಕಡಿಮೆಯಾಗುತ್ತಿತ್ತು. ನೆಲ ಮಾತ್ರ ಹಾಗೇ ಇತ್ತು. ನೀರು ಕುಡಿಯುವುದು ಹೆಚ್ಚಾಯಿತು, ಎದ್ದು ಹೋಗುವುದು ಹೆಚ್ಚಾಯಿತು, ಮೈ ಇಳಿಯಿತು. ಮಂಡಿ ನೋವಿಗೆ ಇಷ್ಟು ಬಾಯಾರಿಕೆ ಯಾಕೆ ಎಂದು ಕೇಳಿದರೆ, “ವ್ಯಾಯಾಮ ಮಾಡ್ತೀನಲ್ಲ,” ಎನ್ನುತ್ತಿದ್ದರು. ನಂಬುವಂಥ ಉತ್ತರವೇ ಆಗಿತ್ತು. ಅಷ್ಟು ಚೆನ್ನಾಗಿ ವ್ಯಾಯಾಮ ಮಾಡುತ್ತಿದ್ದರು.

ಕೆಲಸದ ಹೊತ್ತಿನಲ್ಲೇ, ಕೈಯಲ್ಲಿ ಮೈಕು ಹಿಡಿದುಕೊಂಡೇ ಅವರು ಕುಸಿದರು. ‘ಗಮನಿಸಿ’ ಎಂದರಂತೆ, ಮುಂದೆ ಏನೂ ಹೇಳಲಿಲ್ಲವಂತೆ. ನಿಲ್ದಾಣದವರೆಲ್ಲ ತಲೆಯೆತ್ತಿ ಹಾರ್ನಿನ ಕಡೆ ನೋಡುತ್ತ ಕಾದರಂತೆ. ಮೈಯೆಲ್ಲ ಕೆಂಡದಂತೆ ಸುಡುತ್ತಿತ್ತು. ನಿಮ್ಮ ಆಸ್ಪತ್ರೆಯ ಹಿಂಬದಿಯ ತುರ್ತು ಚಿಕಿತ್ಸೆ ಕೋಣೆಯಲ್ಲಿ ಡ್ಯೂಟಿಯ ಮೇಲಿದ್ದ ಲೇಡಿ ಡಾಕ್ಟರು ಹೊದಿಕೆ ಎತ್ತಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

“ಅಮ್ಮಾ, ಇದು ಎಷ್ಟು ದಿನದಿಂದ ಇದೆ?”

“ಮಂಡಿನಾ?”

“ಮಂಡಿ ಅಲ್ಲಮ್ಮ.”

ಆಗ ಅವರು ಮೆತ್ತಗೆ, ಮುಚ್ಚುಮರೆಯಿಲ್ಲದೆ ಹೇಳಿದರು. ಮೈಯಲ್ಲಿ ಸಕ್ಕರೆ ಕಾಯಿಲೆ ಇತ್ತು, ಗೊತ್ತಾಗಿರಲಿಲ್ಲ. ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದರೆ ಆ ಚರ್ಮದ ಒಳಗೆ ಬೂಷ್ಟಿನಂಥ ಸೋಂಕು ಸುಲಭವಾಗಿ ಬೆಳೆಯುತ್ತದೆ. ಕೆಂಪಾಗುತ್ತದೆ, ತುರಿಸುತ್ತದೆ, ಬಿರಿಯುತ್ತದೆ, ಬಿಳಿಯ ಕೊಳೆ ಕೂಡುತ್ತದೆ. ಬಿರಿದದ್ದು ಒಣಗಿ ಮತ್ತೆ ಬಿರಿದು ಚರ್ಮ ಬಿಗಿಯುತ್ತಾ ಹೋಗುತ್ತದೆ, ಹಿಂದಕ್ಕೆ ಸರಿಯುವುದಿಲ್ಲ. ಸರಿಯದಿದ್ದರೆ ತೊಳೆಯಲಾಗುವುದಿಲ್ಲ, ತೊಳೆಯದಿದ್ದರೆ ಸೋಂಕು ಹೆಚ್ಚುತ್ತದೆ. ಇವರು ಅದರ ಮೇಲೆ ನೆಲದ ಔಷಧಿ ಹಾಕಿ ಸುಟ್ಟುಕೊಂಡಿದ್ದರು. “ಮೊದಲೇ ಬಂದಿದ್ರೆ ಒಂದು ಟ್ಯೂಬ್ ಮುಲಾಮು, ಒಂದು ರಕ್ತ ಪರೀಕ್ಷೆ,” ಎಂದರು ಡಾಕ್ಟರು. “ಬರ್ತಿದ್ರಲ್ಲ ಡಾಕ್ಟ್ರೇ, ತಪ್ಪದೇ ಬರ್ತಿದ್ರು,” ಎಂದೆ. ಅವರು ಆಸ್ಪತ್ರೆಯ ಚೀಟಿಗಳ ಕಟ್ಟು ತಿರುವಿದರು. ಎಲ್ಲದರಲ್ಲೂ ಮಂಡಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎನ್ನುತ್ತಾರೆ. ನಮ್ಮ ಪಾಲಿಗೆ ಕೊಡಲಿಗೂ ಹೊತ್ತು ಮೀರಿತ್ತು. ಸೋಂಕು ರಕ್ತಕ್ಕೆ ಇಳಿದಿತ್ತು.

ಸ್ವಲ್ಪ ಎಚ್ಚರವಿದ್ದಾಗ ಅವರು ನನ್ನ ಸೆರಗಿನ ತುದಿ ಹಿಡಿದುಕೊಂಡು ಹೇಳಿದರು:

“ಹೇಳೋಕೆ ಬಾಯಿ ಬರ್ಲಿಲ್ಲ ಕಣೇ.”

“ಊರಿಗೆಲ್ಲ ಕೂಗಿ ಹೇಳೋರು ನೀವು.”

“ಅದಕ್ಕೇ. ಮೈಕು ಎಲ್ಲೀವರೆಗೂ ಕೇಳ್ಸುತ್ತೆ ಅಂತ ನಂಗೆ ಗೊತ್ತಲ್ಲ.”

ಅಷ್ಟೇ. ಆಮೇಲೆ ಅವರು ನನ್ನೊಂದಿಗೆ ಏನೂ ಮಾತಾಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆಗೆ ನಿಮ್ಮ ವ್ಯಾಯಾಮದ ಮೇಷ್ಟ್ರು ಬಂದಿದ್ದರು. ಒಳ್ಳೆಯ ಮನುಷ್ಯ. ಗೋಡೆಗೆ ಒರಗಿ ಅತ್ತರು. “ಅಂಥಾ ಮಂಡಿ ನನ್ನ ಸರ್ವೀಸಲ್ಲೇ ನೋಡಿಲ್ಲಮ್ಮ, ಬಾಗಿಲ ಕೀಲಿಗೆ ಎಣ್ಣೆ ಹಾಕ್ದಂಗಿತ್ತು,” ಎಂದರು. ಪಕ್ಕದ ಮನೆಯಾಕೆ ನನ್ನ ಕಿವಿಯಲ್ಲಿ, “ಮಂಡಿ ನೋವಿಂದಾನೂ ಜೀವ ಹೋಗುತ್ತೇನೇ?” ಎಂದು ಕೇಳಿದಳು. ನಮ್ಮ ಊರಿನಲ್ಲಿ ಹೋಗುತ್ತದೆ ಎಂದೆ.

ಮಾನ್ಯರೇ, ನೋವನ್ನು ಡೈರಿಯಲ್ಲಿ ಬರೆದು ನಾನು ಸುಮ್ಮನಿರುತ್ತಿದ್ದೆ. ನಿಮ್ಮ ಮೈಕಿನ ತಂಟೆಗೆ ಬರುತ್ತಿರಲಿಲ್ಲ. ಆದರೆ ಕಳೆದ ತಿಂಗಳು ಅಂಗಳದಲ್ಲಿ ನನ್ನ ಮೈದುನ ಕುಂಟುತ್ತಾ ಬಂದ. ಅವನದು ಬೀಗ ರಿಪೇರಿಯ ಕೆಲಸ. ಬೀಗದ ಕೈ ಕಳೆದುಕೊಂಡವರೆಲ್ಲ ಅವನ ಪೆಟ್ಟಿಗೆಯಂಗಡಿಗೇ ಬರುವುದು. ತಂದೆಗೂ ಸಕ್ಕರೆ ಕಾಯಿಲೆ ಇತ್ತು, ಅಣ್ಣನಿಗೂ ಇತ್ತು.

“ಯಾವ ಕಾಲಪ್ಪಾ?” ಎಂದೆ.

ಅವನು ತಲೆಬಗ್ಗಿಸಿ ತನ್ನ ಎರಡೂ ಕಾಲುಗಳನ್ನು ನೋಡಿಕೊಂಡ, ಯಾವುದನ್ನು ಹೇಳಲಿ ಎಂದು ಆರಿಸುವವನಂತೆ. ನನಗೆ ಅಷ್ಟು ಸಾಕಾಯಿತು. ಚಪ್ಪಲಿ ಮೆಟ್ಟಿಕೊಂಡೆ.

“ಅತ್ತಿಗೆ, ಬೇಡ ಅತ್ತಿಗೆ. ನಾನೇ ಹೋಗ್ತೀನಿ.”

“ಎಲ್ಲಿಗೆ, ಮಂಡಿ ಕೋಣೆಗಾ?”

“ಅತ್ತಿಗೆ, ನೀವು ಹೆಂಗಸರು. ನೀವು ಹೇಗೆ ಹೇಳ್ತೀರಾ?”

“ಗಂಡಸರು ಹೇಳಿದ್ದು ನೋಡಿದ್ದೀನಲ್ಲ. ನಡಿ.”

ದಾರಿಯಲ್ಲಿ ಒಂದೊಂದಾಗಿ ಕೇಳಿದೆ, ಅವನು ನೆಲ ನೋಡುತ್ತಾ ತಲೆಯಾಡಿಸಿದ. ಕಿಟಕಿಯಲ್ಲಿ ನಮ್ಮ ಸರದಿ ಬಂದಾಗ ನಾನು ಗಾಜಿನ ತೂತಿಗೆ ಬಾಯಿಟ್ಟು ಸ್ಪಷ್ಟವಾಗಿ ಹೇಳಿದೆ: ಮುಂದೊಗಲು ಊದಿದೆ, ಬಿಗಿಯಾಗಿದೆ, ಉಚ್ಚೆ ಹೊಯ್ಯುವಾಗ ಉರಿಯುತ್ತದೆ. ಗುಮಾಸ್ತರ ಕೈ ತಾನಾಗಿಯೇ ಮೈಕಿನ ಬಾಯಿ ಮುಚ್ಚಿತು.

“ಅಮ್ಮಾ, ಮಂಡಿ ಅಂತ ಬರ್ಕೊಳ್ಳಲಾ?” ಎಂದರು ತಗ್ಗಿದ ದನಿಯಲ್ಲಿ. “ಎಲ್ಲರೂ ಹಾಗೇ ಬರೆಸ್ಕೊಳ್ತಾರೆ.”

“ಎಲ್ಲರೂ ಅಂದ್ರೆ?”

“ನಾನೂ,” ಎಂದು ಅವರು ಮೇಜಿನ ಕೆಳಗಿದ್ದ ತಮ್ಮ ಮಂಡಿಯ ಬೆಲ್ಟನ್ನು ಕಣ್ಣಲ್ಲೇ ತೋರಿಸಿದರು.

ನಾನು ಬೇಡವೆಂದೆ. ಅವರು ನಿಮ್ಮ ಆದೇಶದ ಪ್ರತಿಯನ್ನು ನೋಡಿದರು, ಮೈಕನ್ನು ನೋಡಿದರು, ಗುಟುಕು ನೀರು ಕುಡಿದರು. ಕೊನೆಗೆ ಕಣ್ಣುಮುಚ್ಚಿ ಕೂಗಿದರು: “ಮುಂದಿನ ರೋಗಿ, ಮಂಡಿ ನೋವು, ಮಂಡಿ ಕೋಣೆ.” ನನ್ನ ಮೈದುನ ನಿಟ್ಟುಸಿರು ಬಿಟ್ಟು, ಕುಂಟುತ್ತಾ ಆ ಕಡೆ ಹೊರಟೇಬಿಟ್ಟ. ಅವನ ಬೆನ್ನು ಥೇಟ್ ಅವನ ಅಣ್ಣನ ಬೆನ್ನು.

ಆಗ ನಾನು ತೂತಿನೊಳಗೆ ಕೈಹಾಕಿ ಮೈಕನ್ನು ಈಚೆಗೆ ಬಗ್ಗಿಸಿಕೊಂಡೆ. ಅದು ಕತ್ತು ಬಗ್ಗುವ ಮೈಕು, ಸುಲಭವಾಗಿ ಬಂತು. ಮೈಕಿನಲ್ಲಿ ಹೇಗೆ ಮಾತಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ. ಒಂದೇ ಒಂದು ರೀತಿಯನ್ನು ಜೀವಮಾನವೆಲ್ಲ ಕೇಳಿದ್ದೆ. ಹಾಗೆಯೇ ಹೇಳಿದೆ:

“ಗಮನಿಸಿ, ಗಮನಿಸಿ. ಮುಂದೊಗಲು ಊದಿರುವವರು, ಬಿಗಿಯಾಗಿ ಹಿಂದಕ್ಕೆ ಸರಿಯದವರು, ಉರಿಯುವವರು ಮಂಡಿ ಕೋಣೆಯನ್ನು ಬಿಟ್ಟು ಹಿಂಬದಿಯ ಡ್ಯೂಟಿ ಡಾಕ್ಟರ ಕೋಣೆಗೆ ತೆರಳತಕ್ಕದ್ದು. ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ನೆಲದ ಔಷಧಿ ಹಾಕಿಕೊಳ್ಳಬಾರದು. ನಿಮ್ಮ ಸಾಮಾನು ಸರಂಜಾಮುಗಳ ಬಗ್ಗೆ ಎಚ್ಚರ ವಹಿಸಿ. ಧನ್ಯವಾದಗಳು.”

ಕೊನೆಯ ಮಾತು ಅವರ ಪ್ರಕಟಣೆಯಲ್ಲಿ ಯಾವಾಗಲೂ ಇರುತ್ತಿತ್ತು, ಬಾಯಿಗೆ ತಾನಾಗಿ ಬಂತು. ಅದನ್ನು ನಿಮ್ಮ ನೋಟಿಸಿನಲ್ಲಿ ‘ಅಶ್ಲೀಲ ಅಪಹಾಸ್ಯ’ ಎಂದಿದ್ದೀರಿ. ಈ ಊರಿನ ಬಸ್ ನಿಲ್ದಾಣದಲ್ಲಿ ಅದು ದಿನವಿಡೀ ಕೇಳುತ್ತಿತ್ತು, ಆಗ ಯಾರೂ ದೂರಿರಲಿಲ್ಲ.

ಹಜಾರದಲ್ಲಿದ್ದವರೆಲ್ಲ ತಲೆಯೆತ್ತಿ ಹಾರ್ನಿನ ಕಡೆ ನೋಡಿದರು. ಎದುರಿನ ಚಹಾದಂಗಡಿಯಲ್ಲಿ ಲೋಟಗಳ ಸದ್ದು ನಿಂತಿತು. ನನ್ನ ಮೈದುನ ನಡುವೆ ನಿಂತುಬಿಟ್ಟಿದ್ದ, ಭೂಮಿ ಬಾಯಿ ಬಿಡಲಿ ಎಂದು ಕಾಯುತ್ತಾ. ಅದು ಬಿಡಲಿಲ್ಲ. ಆಮೇಲೆ ಮಂಡಿ ಕೋಣೆಯ ಬೆಂಚಿನಿಂದ ಅಂಚೆಯವರೊಬ್ಬರು ಎದ್ದರು. ಬೆಲ್ಟು ಬಿಚ್ಚಿದರು, ಮಡಚಿ ಜೇಬಿಗೆ ಹಾಕಿಕೊಂಡರು, ಯಾರ ಮುಖವನ್ನೂ ನೋಡದೆ ಹಿಂಬದಿಯ ಕಡೆ ನಡೆದರು. ಅವರ ಹಿಂದೆ ಕಾಯಿಪಲ್ಲೆ ಅಂಗಡಿಯವರು. ಅವರ ಹಿಂದೆ ಕೋರ್ಟಿನ ಜವಾನರು, ಇನ್ನೂ ಯಾರು ಯಾರೋ. ಕಿಟಕಿ ಮುಚ್ಚಿ ಗುಮಾಸ್ತರೂ ಹೋದರು. ಮಾನ್ಯರೇ, ಅವರು ಯಾರೂ ಕುಂಟುತ್ತಿರಲಿಲ್ಲ. ಅಷ್ಟು ಜನ ಮಂಡಿ ರೋಗಿಗಳು ಅಷ್ಟು ಚೆನ್ನಾಗಿ ನಡೆದದ್ದು ನಿಮ್ಮ ಆಸ್ಪತ್ರೆಯ ಚರಿತ್ರೆಯಲ್ಲಿ ಅದೇ ಮೊದಲಿರಬೇಕು. ಇದಕ್ಕೂ ಒಂದು ಪ್ರಶಸ್ತಿಗೆ ಅರ್ಜಿ ಹಾಕಬಹುದು.

ಲೇಡಿ ಡಾಕ್ಟರು ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಮುಚ್ಚಿ ನೋಡಿದರು. ನನ್ನ ಮೈದುನನಿಗೆ ಸಕ್ಕರೆ ಶುರುವಾಗಿದೆ, ಹತೋಟಿಗೆ ಬರುವಂಥದ್ದು. ಬರೀ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು, ಸೋಪು ಬೇಡ, ಮೆತ್ತಗೆ ಒತ್ತಿ ಒಣಗಿಸಬೇಕು. ಸೋಂಕಿಗೆ ಒಂದು ಮುಲಾಮು. ಅದು ಇಳಿದ ಮೇಲೆ ಚರ್ಮ ಸಡಿಲವಾಗಲು ಇನ್ನೊಂದು, ಕೆಲವು ವಾರ. “ಜೋರಾಗಿ ಎಳೀಬಾರದು,” ಎಂದರಂತೆ.

“ಗೊತ್ತು ಡಾಕ್ಟ್ರೇ. ಬೀಗಾನೂ ಅಷ್ಟೇ, ಬಲವಂತ ಮಾಡಿದ್ರೆ ಕೆಡುತ್ತೆ.”

“ಗೊತ್ತಿದ್ದೂ ಯಾಕೆ ಎಳೆದ್ರಿ?”

“ಬೀಗ ಬೇರೆಯವರದ್ದಾಗಿರುತ್ತೆ, ತಾಳ್ಮೆ ಇರುತ್ತೆ.”

ಹಿಂದಕ್ಕೆ ಸರಿಸಿದರೆ ಮತ್ತೆ ಮುಂದಕ್ಕೆ ತರಲೇಬೇಕು, ಅಲ್ಲೇ ಸಿಕ್ಕಿಕೊಂಡು ಊದಿದರೆ ಅಥವಾ ಮೂತ್ರ ಕಟ್ಟಿದರೆ ಕಾಯಬಾರದು, ಓಡಿ ಬರಬೇಕು ಎಂದೂ ಹೇಳಿದ್ದಾರೆ. ಸಡಿಲವಾಗದಿದ್ದರೆ, ಪದೇಪದೇ ಬರುತ್ತಿದ್ದರೆ, ಸಣ್ಣ ಶಸ್ತ್ರಚಿಕಿತ್ಸೆ ಇದೆಯಂತೆ. ಅದು ಬೇಕೋ ಬೇಡವೋ ಎಂದು ಅವರು ಇನ್ನೊಮ್ಮೆ ನೋಡಿಯೇ ಹೇಳಬೇಕು. ಮೊನ್ನೆ ತೋರಿಸಲು ಹೋದರೆ ಗುಮಾಸ್ತರು ಕೈಮುಗಿದು, “ನಿಮ್ಮ ಮನೆಗೆ ಚೀಟಿ ಕೊಡೋ ಹಾಗಿಲ್ಲ ಅಂತ ಸಾಹೇಬರ ಹುಕುಂ ಕಣಪ್ಪಾ. ಮಂಡಿ ನೋವಾದ್ರೆ ಮಾತ್ರ ಬೇರೆ ಹೆಸರಲ್ಲಿ ಕೊಡ್ತೀನಿ,” ಎಂದರಂತೆ. ಅವನು ಮನೆಗೆ ಬಂದು ಮುಲಾಮಿನ ಟ್ಯೂಬನ್ನು ಬುಡದಿಂದ ಸುರುಳಿ ಸುತ್ತುತ್ತಾ ಕೂತಿದ್ದಾನೆ. ಇನ್ನು ಸುತ್ತಲು ಏನೂ ಉಳಿದಿಲ್ಲ. ನನ್ನ ಕಡೆ ನೋಡಿ ನಗುತ್ತಾನೆ. ಆ ನಗು ನಾನು ನೋಡಿದ್ದೇ.

ಈಗ ನನ್ನದೊಂದು ಪ್ರಶ್ನೆ. ಪಾದ ಎನ್ನಬಹುದು, ಮಂಡಿ ಎನ್ನಬಹುದು, ಮಂಡಿಯನ್ನು ಸಿಮೆಂಟಿನಲ್ಲಿ ಮಾಡಿ ಹೂವಿನ ಕುಂಡದ ನಡುವೆ ನಿಲ್ಲಿಸಬಹುದು. ಹೊಟ್ಟೆ ಎನ್ನಬಹುದು. ಹಾಗಾದರೆ ಮಂಡಿಯಿಂದ ಎಷ್ಟು ಗೇಣು ಮೇಲಕ್ಕೆ ಅಶ್ಲೀಲ ಶುರುವಾಗುತ್ತದೆ, ಎಲ್ಲಿಗೆ ಮುಗಿಯುತ್ತದೆ? ಗಡಿ ಗುರುತು ಮಾಡಿ ಒಂದು ಆದೇಶ ಹೊರಡಿಸಿದರೆ, ಆ ಗಡಿಯೊಳಗೆ ಕಾಯಿಲೆ ಬರದಂತೆ ನಾವು ನಮ್ಮ ದೇಹಕ್ಕೆ ತಿಳಿಸಿ ಹೇಳುತ್ತೇವೆ. ಒಬ್ಬರ ಕಾಯಿಲೆಯನ್ನು ಅವರನ್ನು ಕೇಳದೆ ಊರಿಗೆ ಕೂಗುವುದು ಅಶ್ಲೀಲವಲ್ಲ, ಕಾಯಿಲೆಯ ಹೆಸರು ಹೇಳುವುದು ಅಶ್ಲೀಲ. ಇದು ನಿಮ್ಮ ಕಚೇರಿಯಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲವೇ?

ನನ್ನ ಬೇಡಿಕೆ ಇಷ್ಟೇ. ಮೈದುನನ ಚೀಟಿಯನ್ನು ಕೂಡಲೇ ಬಿಡಿ. ಮೈಕಿನಲ್ಲಿ ಟೋಕನ್ ಸಂಖ್ಯೆ, ಕೋಣೆ ಎರಡನ್ನೇ ಕೂಗಿ, ಕಾಯಿಲೆ ನಮ್ಮ ಬಳಿಯೇ ಇರಲಿ. ಚರ್ಮದ ಡಾಕ್ಟರಿಗೆ ಅವರ ಕೋಣೆ ಮರಳಿ ಕೊಡಿ. ಕಿಟಕಿಯ ಸುತ್ತ ಒಂದು ಪರದೆ ಹಾಕಿಸಿ. ಅಳತೆ ನಾನು ಅವತ್ತೇ ಕಣ್ಣಲ್ಲಿ ತೆಗೆದುಕೊಂಡೆ, ದಪ್ಪ ಬಟ್ಟೆಯದೇ ಹೊಲಿದಿಟ್ಟಿದ್ದೇನೆ. ಯಾರಾದರೂ ಬಂದು ತೆಗೆದುಕೊಂಡು ಹೋಗಬಹುದು, ನಾನು ಆವರಣದೊಳಗೆ ಬರುವ ಹಾಗಿಲ್ಲವಲ್ಲ.

ಅದಾಗದಿದ್ದರೆ ಕ್ಷಮೆ ಕೇಳಲು ಸಿದ್ಧಳಿದ್ದೇನೆ. ಮೈದುನನ ಜೀವಕ್ಕಿಂತ ನನ್ನ ಮಾತು ದೊಡ್ಡದಲ್ಲ. ನೀವು ಹೇಳಿದ ಹಾಗೆಯೇ ಅದೇ ಮೈಕಿನಲ್ಲಿ, ಹಜಾರ ತುಂಬಿರುವ ಹೊತ್ತಿನಲ್ಲಿ ಕೇಳುತ್ತೇನೆ. ಆದರೆ ಯಾವ ಪದಕ್ಕೆ ಕ್ಷಮೆ ಎಂದು ಹೇಳದೆ ಕ್ಷಮೆ ಕೇಳಿದರೆ ಜನರಿಗೆ ಹೇಗೆ ತಿಳಿಯಬೇಕು? ಚುಕ್ಕಿಗಳನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಆದ್ದರಿಂದ ಪದವನ್ನು ಹೇಳಲೇಬೇಕಾಗುತ್ತದೆ, ಅದು ಯಾವ ಸಂದರ್ಭದ್ದು, ಏನಾದರೆ ಎಲ್ಲಿಗೆ ಹೋಗಬೇಕು ಎಂದೂ ವಿವರಿಸಬೇಕಾಗುತ್ತದೆ. ನಿಲ್ದಾಣದಲ್ಲಿ ನಮ್ಮ ಮನೆಯವರು ಪ್ರತಿಯೊಂದನ್ನೂ ಎರಡೆರಡು ಸಲ ಹೇಳುತ್ತಿದ್ದರು, ದೂರದಲ್ಲಿ ನಿಂತವರಿಗೂ ಬಸ್ಸು ತಪ್ಪಬಾರದೆಂದು. ನಾನೂ ಹಾಗೆಯೇ ಅಭ್ಯಾಸ ಮಾಡಿಕೊಂಡಿದ್ದೇನೆ. ದಿನ ಗೊತ್ತುಮಾಡಿ ತಿಳಿಸಿ. ಗೇಟಿನ ಮೇಲಿನ ಹಾರ್ನ್ ಸರಿಯಿದೆಯೇ ಎಂದು ಮೊದಲೇ ನೋಡಿಸಿಡಿ.

ಇಂತಿ,
ನಿಮ್ಮ ಮಂಡಿ ವಿಭಾಗದ ಅತ್ಯುತ್ತಮ ರೋಗಿಯಾಗಿದ್ದ
‘ಗಮನಿಸಿ’ಯವರ ಹೆಂಡತಿ